ಒಂದೇ ಮನೆಯಲ್ಲಿ ಮೂರು ವಯಸ್ಸು



ಗುಜರಾತಿನಲ್ಲಿ ನೆಲೆಸಿರುವ ನಮ್ಮ ಕಡೆಯ ಎಳೆಯ ತಾಯಂದಿರು ನನ್ನನ್ನು ಬಹಳ ಸಲ ಕೇಳುವ ಪ್ರಶ್ನೆ ಒಂದಿದೆ. ವಡೋದರಾದ ಗೋತ್ರಿಯಿಂದಲೋ, ಅಹಮದಾಬಾದಿನ ಮಣಿನಗರದಿಂದಲೋ, ಸೂರತ್ತಿನ ಅಡಾಜಣದಿಂದಲೋ ಫೋನು ಬರುತ್ತದೆ. "ಆಂಟಿ, ನನ್ನ ರಜೆ ಮುಗೀತಾ ಬಂತು. ಪಾಪುಗೆ ಈಗ ಏಳು ತಿಂಗಳು. ಪಕ್ಕದ ಸೊಸೈಟಿಯಲ್ಲಿ ಒಬ್ಬರು ಮಾಸಿ ಮನೆಯಲ್ಲೇ ಮಕ್ಕಳನ್ನ ನೋಡ್ಕೋತಾರೆ. ಆದ್ರೆ ಅಲ್ಲಿರೋವೆಲ್ಲ ಎರಡು, ಮೂರು, ನಾಲ್ಕು ವರ್ಷದ ಮಕ್ಕಳು. ಅವುಗಳ ನಡುವೆ ಇಷ್ಟು ಸಣ್ಣ ಕೂಸನ್ನ ಬಿಡಬಹುದಾ?"

ಬಿಡಬಹುದು ಎಂದೇ ನಾನು ಹೇಳುತ್ತೇನೆ. ಆದರೆ ಹಾಗೆ ಹೇಳಿ ಫೋನು ಇಡುವುದಿಲ್ಲ. ಆ ಮನೆಯಲ್ಲಿ ಒಂದು ವರ್ಷದೊಳಗಿನ ಕೂಸುಗಳು ಎಷ್ಟಿವೆ? ನೋಡಿಕೊಳ್ಳುವವರು ಎಷ್ಟು ಜನ? ಮನೆಯ ದಿನಚರಿ ಯಾರ ಹಸಿವು ನಿದ್ದೆಗಳನ್ನು ನೋಡಿ ನಡೆಯುತ್ತದೆ? ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕರೆ ಮೂರು ವಯಸ್ಸಿನ ಮಕ್ಕಳು ಒಂದೇ ಸೂರಿನಡಿ ಬೆಳೆಯುವುದರಷ್ಟು ಚೆಂದ ಇನ್ನೊಂದಿಲ್ಲ. ಉತ್ತರ ಸರಿಯಿಲ್ಲದಿದ್ದರೆ ಮಾಸಿ, ಅಂದರೆ ಆ ಚಿಕ್ಕಮ್ಮ, ಎಷ್ಟೇ ಒಳ್ಳೆಯವರಾಗಿದ್ದರೂ ಬೇಡ ಎನ್ನುತ್ತೇನೆ.

ನಾನೂ ಈ ಕೆಲಸ ಮಾಡಿದವಳೇ. ಯಜಮಾನರ ವರ್ಗಾವಣೆಯ ಹಿಂದೆ ಅಹಮದಾಬಾದು, ಸೂರತ್ತು, ಕಡೆಗೆ ವಡೋದರಾ ಸೇರಿದೆ. ಮೂರೂ ಊರಲ್ಲಿ ನೆರೆಯವರ ಮಕ್ಕಳು ನಮ್ಮ ಮನೆಯಲ್ಲಿ ಬೆಳೆದವು. ಗುಜರಾತಿಯಲ್ಲಿ ಇಂಥ ಜಾಗವನ್ನು ಘೋಡಿಯಾಘರ್ ಅನ್ನುತ್ತಾರೆ, ತೊಟ್ಟಿಲ ಮನೆ. ನಮ್ಮವರು ಬೇಬಿ ಸಿಟ್ಟಿಂಗ್ ಅನ್ನುತ್ತಾರೆ. ಹೆಸರು ಏನಾದರೂ ಇರಲಿ, ಕೆಲಸ ಒಂದೇ.

ಕೂಸಿನಿಂದಲೇ ಶುರು ಮಾಡೋಣ. ಏಳು ತಿಂಗಳ ಕೂಸಿಗೆ ವೇಳಾಪಟ್ಟಿ ಅಂತ ಒಂದಿಲ್ಲ. ಹಸಿವಾದಾಗ ಹಾಲು ಬೇಕು, ಕಣ್ಣು ಎಳೆದಾಗ ನಿದ್ದೆ ಬೇಕು. ಅತ್ತಾಗ ಎತ್ತಿಕೊಳ್ಳಬೇಕು, ಆಗಲೇ ಎತ್ತಿಕೊಳ್ಳಬೇಕು. ಎರಡು ವರ್ಷದ ಮಗುವಿಗೆ "ಒಂದು ನಿಮಿಷ ತಡಿ ಚಿನ್ನ" ಅಂದರೆ ಅರ್ಧ ನಿಮಿಷವಾದರೂ ತಡೆಯುತ್ತದೆ. ನಾಲ್ಕರದ್ದು ತಡೆದು, ತಾನೇ ಹೋಗಿ ನೀರು ಕುಡಿದು ಬರುತ್ತದೆ. ಕೂಸಿಗೆ ತಡೆಯುವುದು ಅಂದರೇನೆಂದು ಗೊತ್ತಿಲ್ಲ. ಹಾಗಾಗಿ ಮನೆಯ ಹೊತ್ತೆಲ್ಲ ಕೂಸಿನ ಸುತ್ತ ಹೆಣೆಯಬೇಕು. ದೊಡ್ಡ ಮಕ್ಕಳ ಕತೆ, ಹಾಡು, ಬಣ್ಣದ ಕೆಲಸ, ಊಟ ಎಲ್ಲವೂ ಕೂಸಿನ ನಿದ್ದೆ ಎಚ್ಚರಗಳ ನಡುವೆ ಜಾಗ ಹುಡುಕಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಬೆಳಿಗ್ಗೆ ಹೊತ್ತು ಹೀಗೆ ಸಾಗುತ್ತಿತ್ತು. ಎಂಟೂವರೆಯಿಂದ ಮಕ್ಕಳು ಬರತೊಡಗುವುವು. ಕೂಸು ಬಂದ ಕೂಡಲೇ ತಾಯಿಯನ್ನು ಬಾಗಿಲಲ್ಲೇ ಕಳಿಸುತ್ತಿರಲಿಲ್ಲ. ಒಳಗೆ ಕರೆದು, ಕೂತು ಒಮ್ಮೆ ಹಾಲು ಕುಡಿಸಿ ಹೋಗು ಅನ್ನುತ್ತಿದ್ದೆ. ಅದರಿಂದ ಕೂಸಿಗೂ ಸಮಾಧಾನ, ನನಗೂ ಎರಡು ತಾಸಿನ ಬಿಡುವು. ಆ ಹೊತ್ತಿಗೆ ದೊಡ್ಡವರು ನೆಲದ ಮೇಲೆ ಡಬ್ಬಿ, ಮುಚ್ಚಳ, ಸೌಟು ಹರಡಿಕೊಂಡು ಕೂರುವುವು. ಅವೆಲ್ಲ ಕೂಸು ಬಾಯಿಗೆ ಹಾಕಿದರೂ ಅಪಾಯವಿಲ್ಲದ ದೊಡ್ಡ ಸಾಮಾನುಗಳು. ಹತ್ತು ಗಂಟೆಗೆ ಕೂಸು ಮಲಗಿತೆಂದರೆ ಊಟದ ಮೇಜಿನ ಮೇಲೆ ಬೇರೆ ಲೋಕ ತೆರೆದುಕೊಳ್ಳುತ್ತಿತ್ತು. ಮಣಿ ಪೋಣಿಸುವುದು, ಕಾಳು ಬೇರ್ಪಡಿಸುವುದು, ಕತ್ತರಿ, ಅಂಟು. ಕೂಸು ಎದ್ದ ಸದ್ದು ಕೇಳಿದರೆ ನಾಲ್ಕು ವರ್ಷದವೇ ಮಣಿಗಳನ್ನು ಎಣಿಸಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುತ್ತಿದ್ದವು. ಎಣಿಸುವುದನ್ನು ಅವಕ್ಕೆ ಬೇರೆ ಹೇಳಿಕೊಡಬೇಕಾಗಿ ಬರಲಿಲ್ಲ.

ಕಷ್ಟ ಕೂಸಿನದ್ದು ಅಂತ ಎಲ್ಲರೂ ತಿಳಿದಿರುತ್ತಾರೆ. ಕೂಸಿನದ್ದಲ್ಲ, ನಾಲ್ಕು ವರ್ಷದ್ದೂ ಅಲ್ಲ. ನಿಜವಾದ ಕಷ್ಟ ಒಂದೂವರೆ ವರ್ಷದ್ದು. ಅದಕ್ಕೆ ನಡೆಯಲು ಬರುತ್ತದೆ, ಎತ್ತಲು ಬರುತ್ತದೆ. ಮೆಲ್ಲಗೆ ಮುಟ್ಟಲು ಮಾತ್ರ ಬರುವುದಿಲ್ಲ. ಕೂಸಿನ ಕಣ್ಣು ಹೊಳೆಯುತ್ತಿದ್ದರೆ ಅದರೊಳಗೆ ಬೆರಳು ಹಾಕಿ ನೋಡಬೇಕು ಅನ್ನಿಸುತ್ತದೆ. ನಿನ್ನೆಯವರೆಗೆ ತನ್ನದಾಗಿದ್ದ ಮಡಿಲಲ್ಲಿ ಇವತ್ತು ಬೇರೊಬ್ಬರು ಕೂತಿದ್ದಾರೆ ಎಂಬುದನ್ನು ಮಾತಿನಲ್ಲಿ ಹೇಳಲಾರದೆ ಕಚ್ಚುತ್ತದೆ. ಆ ಮಗುವನ್ನು ಬೈದರೆ ಕಚ್ಚುವುದು ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ. ಕೂಸಿಗೆ ಹಾಲು ಕುಡಿಸುವಾಗ ಒಂದೂವರೆ ವರ್ಷದ್ದನ್ನು ಇನ್ನೊಂದು ಮಗ್ಗುಲಿಗೆ ಕೂರಿಸಿಕೊಂಡು, ಅದರ ಕೈಗೂ ಒಂದು ಬಟ್ಟಲು ಕೊಟ್ಟು, ಅದರ ಜೊತೆಯೂ ಮಾತಾಡುತ್ತಿರಬೇಕು. ಅದರ ಕೈಯನ್ನು ಹಿಡಿದು ಕೂಸಿನ ಪಾದದ ಮೇಲೆ ಇಡಿಸಬೇಕು. ಮುಖ ಬೇಡ, ಪಾದ. ಪಾದ ಮುಟ್ಟಬಹುದು, ಮುಖ ಮುಟ್ಟಬಾರದು ಎಂಬ ಒಂದು ನಿಯಮವನ್ನು ಒಂದೂವರೆ ವರ್ಷದ ಮಗುವೂ ಕೆಲವು ವಾರಗಳಲ್ಲಿ ಕಲಿಯುತ್ತದೆ.

ದೊಡ್ಡ ಮಕ್ಕಳಿಗೂ ಹಕ್ಕುಗಳಿವೆ. ನಾಲ್ಕು ವರ್ಷದ ಹುಡುಗಿ ಅರ್ಧ ಗಂಟೆ ಕೂತು ಕಟ್ಟಿದ ಗೋಪುರವನ್ನು ಅಂಬೆಗಾಲಿನ ಕೂಸು ಒಂದೇ ಏಟಿಗೆ ಕೆಡವಿದರೆ, "ಪಾಪ, ಅದಕ್ಕೇನು ಗೊತ್ತು, ನೀನು ದೊಡ್ಡವಳಲ್ವಾ" ಎಂದು ನಾವೆಲ್ಲ ಹೇಳುತ್ತೇವೆ. ಅದು ಅನ್ಯಾಯ. ಅವಳಿಗೆ ಕೂಸಿನ ಕೈಗೆಟುಕದ ಒಂದು ಎತ್ತರದ ಜಾಗ ಕೊಡಬೇಕು. ಗುಜರಾತಿ ಮನೆಗಳಲ್ಲಿ ಊಟಕ್ಕೆ, ಪೂಜೆಗೆ ಬಳಸುವ ಬಾಜೋಠ್ ಎಂಬ ತಗ್ಗಿನ ಮಣೆ ಇರುತ್ತದೆ. ಮಕ್ಕಳಿಗೆ ಬರೆಯಲು ಬಲು ಅನುಕೂಲ. ಆದರೆ ಅಂಬೆಗಾಲಿಡುವ ಕೂಸು ಇರುವ ಮನೆಯಲ್ಲಿ ಅದು ಸಾಲದು, ಮೇಜೇ ಬೇಕು.

ಇಲ್ಲಿ ಲೆಕ್ಕದ ಮಾತು ಬರುತ್ತದೆ. ಒಬ್ಬ ಹೆಂಗಸು ಒಂದು ಹೊತ್ತಿಗೆ ಎಷ್ಟು ಕೂಸುಗಳನ್ನು ನೋಡಿಕೊಳ್ಳಬಲ್ಲಳು? ಬೆಂಕಿ ಬಿದ್ದರೆ, ಭೂಮಿ ನಡುಗಿದರೆ ಎಷ್ಟನ್ನು ಎತ್ತಿಕೊಂಡು ಮೆಟ್ಟಿಲು ಇಳಿಯಬಲ್ಲಳು? ಎರಡು. ನಡೆಯಲು ಬರುವ ಮಕ್ಕಳು ಸೆರಗು ಹಿಡಿದು ಹಿಂದೆ ಬರಬಲ್ಲವು. 2001ರ ಜನವರಿ 26ರ ಬೆಳಿಗ್ಗೆ ಕಛ್ ಭೂಕಂಪಕ್ಕೆ ಅಹಮದಾಬಾದಿನಲ್ಲೇ ಬಹುಮಹಡಿ ಕಟ್ಟಡಗಳು ಕುಸಿದಿದ್ದವು. ಆದ್ದರಿಂದ ಇದು ಬರೀ ಊಹೆಯ ಮಾತಲ್ಲ. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ಸರಕಾರದ ನಿಯಮವಿದೆ. ಎಂಟು ವರ್ಷದೊಳಗಿನವರು ಒಟ್ಟು ಆರಕ್ಕಿಂತ ಹೆಚ್ಚಿರಬಾರದು, ಅವರಲ್ಲಿ ಶಾಲೆಗೆ ಹೋಗುವ ವಯಸ್ಸಾಗದ ಎಳೆಯರು ಮೂರೇ, ಆ ಮೂರರಲ್ಲಿ ವರ್ಷ ತುಂಬದ ಕೂಸು ಸಾಮಾನ್ಯವಾಗಿ ಒಂದೇ. ನಮ್ಮಲ್ಲಿ ಎರಡಕ್ಕೆ ಬಂದು ನಿಲ್ಲಬಹುದು ಎಂಬುದು ನನ್ನ ಅಭಿಪ್ರಾಯ, ಅದೂ ಮನೆಯಲ್ಲಿ ಇನ್ನೊಬ್ಬರು ಸಹಾಯಕ್ಕಿದ್ದರೆ. ಮೂರನೆಯ ಕೂಸಿಗೆ ಜಾಗ ಕೇಳಿಕೊಂಡು ತಾಯಿಯೊಬ್ಬಳು ಕಣ್ಣೀರು ಹಾಕಿದರೂ ಇಲ್ಲವೆನ್ನಬೇಕಾಗುತ್ತದೆ. ಇಲ್ಲವೆನ್ನುವುದು ಕಠಿಣ. ಆದರೆ ಹಾಗೆ ಹೇಳಬಲ್ಲ ಮಾಸಿಯನ್ನೇ ನಂಬಬೇಕು.

ಇನ್ನು ಗುಜರಾತಿನ ಮನೆಗಳ ಮಾತು. ಅಲ್ಲಿಯ ಮನೆಗಳಲ್ಲಿ ಹೀಂಚ್ಕೊ ಇಲ್ಲದ ಪಡಸಾಲೆ ಅಪರೂಪ. ಸರಪಳಿಯಲ್ಲಿ ತೂಗುವ ಮರದ ಉಯ್ಯಾಲೆ, ಸಂಜೆ ಇಡೀ ಕುಟುಂಬ ಅದರ ಮೇಲೆ. ಮೂರು ವರ್ಷದವರಿಗೆ ಅದು ಸ್ವರ್ಗ. ನೆಲದಲ್ಲಿ ಅಂಬೆಗಾಲಿಡುವ ಕೂಸಿನ ತಲೆ ಮಾತ್ರ ಸರಿಯಾಗಿ ಆ ಹಲಗೆಯ ಅಂಚಿನ ಎತ್ತರಕ್ಕೆ ಬರುತ್ತದೆ. ಮಕ್ಕಳು ಇರುವ ಹೊತ್ತಿನಲ್ಲಿ ಹೀಂಚ್ಕೊದ ಸರಪಳಿಯನ್ನು ಮೇಲೆತ್ತಿ ಕಟ್ಟಿಬಿಡಬೇಕು, ಇಲ್ಲವೇ ಹಲಗೆ ಬಿಚ್ಚಿ ಗೋಡೆಗೆ ಒರಗಿಸಬೇಕು. ಹಳೇ ಅಹಮದಾಬಾದಿನ ಪೋಳ್ ಎಂಬ ಇಕ್ಕಟ್ಟಿನ ಕೇರಿಗಳ ಮನೆಗಳಲ್ಲಿ ಇನ್ನೊಂದು ಅಪಾಯ, ಏಣಿಯಷ್ಟೇ ಕಡಿದಾದ ಮೆಟ್ಟಿಲುಗಳು. ಮೇಲೊಂದು, ಕೆಳಗೊಂದು ತಡೆಬಾಗಿಲು ಬೇಕು.

ಘೋಡಿಯುಂ ಎಂಬ ತೊಟ್ಟಿಲ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಬ್ಬಿಣದ ಇಲ್ಲವೇ ಮರದ ಚೌಕಟ್ಟು, ನಡುವೆ ಬಟ್ಟೆಯ ಜೋಲಿ, ತೂಗಲು ಒಂದು ಹಗ್ಗ. ನಮ್ಮ ಸೀರೆ ಜೋಲಿಯ ಸೋದರ ಸಂಬಂಧಿ. ಅಜ್ಜಿ ಕಾಲು ಚಾಚಿ ಕೂತು, ಹಗ್ಗ ಎಳೆಯುತ್ತ, ಹಾಲರಡಾ ಎಂಬ ಜೋಗುಳ ಹಾಡುತ್ತ ತರಕಾರಿ ಹೆಚ್ಚುವುದನ್ನು ಗುಜರಾತಿನ ಯಾವ ಓಣಿಯಲ್ಲೂ ನೋಡಬಹುದು. ಅಳುವ ಕೂಸನ್ನು ಸಮಾಧಾನ ಮಾಡಲು ಅದಕ್ಕೆ ಸಾಟಿಯಿಲ್ಲ. ಆದರೆ ಹಲವು ಮಕ್ಕಳಿರುವ ಮನೆಯಲ್ಲಿ ಎರಡು ಎಚ್ಚರಿಕೆ ಬೇಕು. ಹಗ್ಗ ಮಕ್ಕಳ ಕೈಗೆ ಹೋಗಬಾರದು. ಮೂರು ವರ್ಷದ ಅಣ್ಣ ಪ್ರೀತಿಯಿಂದಲೇ ಎಳೆಯುತ್ತಾನೆ, ಆದರೆ ಇರುವ ಬಲವನ್ನೆಲ್ಲ ಹಾಕಿ ಎಳೆಯುತ್ತಾನೆ. ಎರಡನೆಯದು, ಕೂಸು ನಿದ್ದೆ ಹೋದ ಮೇಲೆ ಜೋಲಿಯಿಂದ ಎತ್ತಿ ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. ದಿಂಬು ಬೇಡ, ದುಪ್ಪಟಿ ಬೇಡ, ಪಕ್ಕದಲ್ಲಿ ಇನ್ನೊಂದು ಮಗುವೂ ಬೇಡ. ಜೋಲಿಯ ಬಾಗಿದ ಬಟ್ಟೆಯಲ್ಲಿ ಎಳೆ ಕೂಸಿನ ಗದ್ದ ಎದೆಗೆ ಒತ್ತಿ ಉಸಿರಿಗೆ ತೊಂದರೆಯಾಗಬಹುದು. ಅಂಗಾತ ಮಲಗಿಸಿ ಎಂದು ಅಮೆರಿಕದ ಮಕ್ಕಳ ವೈದ್ಯರು 1992ರಲ್ಲಿ ಹೇಳಿದರು. ಎರಡು ವರ್ಷಕ್ಕೆ ಅದು ದೊಡ್ಡ ಪ್ರಚಾರಾಂದೋಲನವಾಯಿತು. ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಕೂಸುಗಳ ಪ್ರಮಾಣ ಅಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಮಗ್ಗುಲು ಬದಲಾಯಿಸಿದ ಮಾತ್ರಕ್ಕೆ ಅಷ್ಟು ಜೀವಗಳು ಉಳಿದವು.

ಸೆಕೆ. ಅದನ್ನು ಬಿಟ್ಟು ಈ ಮೂರು ಊರುಗಳ ಮಾತಾಡುವುದು ಸಾಧ್ಯವಿಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿ ಮುಟ್ಟಿತ್ತು. ಆ ವರ್ಷ ನಗರದ ಶಾರದಾಬೆನ್ ಆಸ್ಪತ್ರೆಯಲ್ಲಿ ಬಿಸಿಲ ಬೇಗೆಗೆ ಬಳಲಿದ ನವಜಾತ ಶಿಶುಗಳು ಒಂದರ ಹಿಂದೊಂದು ತೀವ್ರ ನಿಗಾ ಘಟಕಕ್ಕೆ ಬಂದವು. ಆಮೇಲೆ ವೈದ್ಯರು ದಾಖಲೆಗಳನ್ನು ಕೂಡಿಸಿ ನೋಡಿದಾಗ ಎರಡು ಸಂಗತಿ ತಿಳಿಯಿತು. 42 ಡಿಗ್ರಿ ದಾಟಿದ ಮೇಲೆ ಏರಿದ ಪ್ರತಿ ಡಿಗ್ರಿಗೂ ಇಂಥ ಕೂಸುಗಳ ದಾಖಲಾತಿ ಶೇಕಡಾ 43ರಷ್ಟು ಹೆಚ್ಚಿತ್ತು. ತಾರಸಿಗೆ ತಾಗಿದ್ದ ಮೇಲಂತಸ್ತಿನ ಬಾಣಂತಿ ವಾರ್ಡನ್ನು ಕೆಳಗಿನ ಅಂತಸ್ತಿಗೆ ಇಳಿಸಿದ ಮೇಲೆ ದಾಖಲಾತಿ ಶೇಕಡಾ 64ರಷ್ಟು ತಗ್ಗಿತ್ತು. 2013ರಲ್ಲಿ ಅಹಮದಾಬಾದು ಮಹಾನಗರಪಾಲಿಕೆ ಬಿಸಿಲ ಹೊಡೆತ ಎದುರಿಸುವ ಯೋಜನೆ ತಂದಿತು, ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ನಮ್ಮಂಥವರಿಗೆ ಇದರ ಪಾಠ ಸರಳ. ತಾರಸಿಯ ಕೆಳಗಿನ ಕೋಣೆಯಲ್ಲಿ ಕೂಸನ್ನು ಮಲಗಿಸಬಾರದು. ಮೇ ತಿಂಗಳಲ್ಲಿ ಮೇಲಿನ ಮಹಡಿಯ ಮನೆಗಿಂತ ನೆಲಮಹಡಿಯ ಸಣ್ಣ ಮನೆಯೇ ಮೇಲು.

ಸೆಕೆಯಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಬಾಯಾರಿದೀತೆಂದು ನಾಲ್ಕು ತಿಂಗಳ ಕೂಸಿಗೆ ನೀರು ಕುಡಿಸುತ್ತಾರೆ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲೇ ಬೇಕಾದಷ್ಟು ನೀರಿದೆ, ಎಂಥ ಬಿಸಿಲಲ್ಲೂ. ತೆಗೆದು ಕಳಿಸಿದ ಹಾಲನ್ನು ಆ ಊರುಗಳ ಸೆಕೆಯಲ್ಲಿ ಹೊರಗಿಡುವ ಮಾತೇ ಬೇಡ. ಹೆಸರು, ಹೊತ್ತು ಬರೆದು ಫ್ರಿಜ್‌ನಲ್ಲಿಟ್ಟು ಅದೇ ದಿನ ಮುಗಿಸಬೇಕು. ಕುಡಿಸಲು ಬಾಟಲಿಗಿಂತ ನಮ್ಮ ಒಳಲೆಯೇ ಲೇಸು. ತೊಳೆಯುವುದು ಸುಲಭ, ಕುದಿಸುವುದೂ ಸುಲಭ. ಆರು ತಿಂಗಳಾದ ಮೇಲೆ ಗುಜರಾತಿನ ಅಜ್ಜಿಯರು ತೆಳ್ಳಗಿನ ಖೀಚಡಿ, ರಾಬ್ ಎಂಬ ಗಂಜಿ ಶುರು ಮಾಡುತ್ತಾರೆ. ನಮ್ಮವರು ರಾಗಿ ಸರಿ ಎಲ್ಲಿ ಸಿಗುತ್ತದೆಂದು ಹುಡುಕುತ್ತಾರೆ. ಸೂರತ್ತಿನಲ್ಲಿ ಹುಡುಕಬೇಕಾಗಿಲ್ಲ. ಡಾಂಗ್ ಜಿಲ್ಲೆಯ ಆದಿವಾಸಿಗಳು ಬೆಳೆಯುವ ನಾಗ್ಲಿ ನಮ್ಮ ರಾಗಿಯೇ, ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹುಟ್ಟಿದ ಕೂಸಿನ ನಾಲಿಗೆಗೆ ಬೆಲ್ಲವನ್ನೋ ಜೇನನ್ನೋ ಸವರುವ ಗಳಥೂಥಿ ಪದ್ಧತಿ ಅಲ್ಲಿದೆ, ಜೇನು ನೆಕ್ಕಿಸುವುದು ನಮ್ಮಲ್ಲೂ ಇದೆ. ವರ್ಷ ತುಂಬುವವರೆಗೆ ಜೇನು ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಕೂಸಿನ ಕರುಳಲ್ಲಿ ಬೆಳೆದು ಮೈಯ ಸ್ನಾಯುಗಳನ್ನೇ ನಿಶ್ಶಕ್ತಗೊಳಿಸಬಲ್ಲದು.

ದೊಡ್ಡ ಮಕ್ಕಳ ತಿಂಡಿಯೇ ಕೂಸಿಗೆ ಅಪಾಯವಾಗುವುದು ಈ ಮನೆಗಳ ವಿಶೇಷ ತೊಂದರೆ. ಗುಜರಾತಿನಲ್ಲಿ ಸಿಂಗ್-ಚಣಾ ಇಲ್ಲದ ಸಂಜೆ ಇಲ್ಲ. ಹುರಿದ ಶೇಂಗಾ, ಹುರಿದ ಕಡಲೆ. ನಾಲ್ಕು ವರ್ಷದವನ ಜೇಬಿನಿಂದ ಉದುರಿದ ಒಂದು ಶೇಂಗಾ ಬೀಜ ಒಂಬತ್ತು ತಿಂಗಳ ಕೂಸಿನ ಶ್ವಾಸನಾಳಕ್ಕೆ ಸರಿಯಾಗಿ ಹೊಂದುವ ಅಳತೆಯದು. ನಮ್ಮ ಮನೆಯಲ್ಲಿ ಅದು ಒಳಗೆ ಬರುತ್ತಲೇ ಇರಲಿಲ್ಲ. ಆಟಿಕೆಯ ಗುಂಡನೆಯ ಸಣ್ಣ ಬ್ಯಾಟರಿಯೂ ಅಷ್ಟೇ. ನುಂಗಿದರೆ ಅನ್ನನಾಳವನ್ನೇ ಸುಟ್ಟುಬಿಡುತ್ತದೆ. ವರ್ಷದೊಳಗಿನ ಕೂಸಿಗೆ ಏನಾದರೂ ಗಂಟಲಲ್ಲಿ ಸಿಕ್ಕಿ ಉಸಿರಾಡಲಾಗದಿದ್ದರೆ ಏನು ಮಾಡಬೇಕೆಂದು ಈಗಲೇ ಹೇಳಿಬಿಡುತ್ತೇನೆ, ದಯವಿಟ್ಟು ಕೇಳಿಸಿಕೊಳ್ಳಿ. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಮುಖವಾಗಿರಲಿ, ಗದ್ದಕ್ಕೆ ಬೆರಳಿನ ಆಸರೆ ಇರಲಿ. ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಹೊಡೆಯಬೇಕು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿಂದ ಐದು ಸಲ ಒತ್ತಬೇಕು. ಹೀಗೆ ಒಂದಾದ ಮೇಲೊಂದು, ವಸ್ತು ಹೊರಬರುವವರೆಗೆ ಅಥವಾ ನೆರವು ಬರುವವರೆಗೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನು ಮಾಡಬೇಕು. ದೊಡ್ಡ ಮಕ್ಕಳಿಗೆ ಮಾಡುವಂತೆ ಹೊಟ್ಟೆ ಒತ್ತಬಾರದು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬಾರದು, ಇನ್ನೂ ಒಳಕ್ಕೆ ಹೋಗುತ್ತದೆ.

ಕಾಯಿಲೆಯ ವಿಷಯದಲ್ಲಿ ತಾಯಂದಿರ ಭಯ ನ್ಯಾಯವಾದದ್ದೇ. ದೊಡ್ಡ ಮಕ್ಕಳು ಶೀತ ತರುತ್ತವೆ, ಕೂಸಿಗೆ ದಾಟಿಸುತ್ತವೆ. ದಡಾರದ ಮೊದಲ ಲಸಿಕೆ ಕೂಸಿಗೆ ಸಿಗುವುದು ಒಂಬತ್ತು ತಿಂಗಳಿಗೆ. ಅಲ್ಲಿಯವರೆಗೆ ಅದರ ರಕ್ಷಣೆ ಸುತ್ತಲಿನ ಮಕ್ಕಳ ಮೈಯಲ್ಲಿದೆ. ದೊಡ್ಡವರೆಲ್ಲರೂ ಎರಡನೆಯ ಡೋಸು ಮುಗಿಸಿದ್ದರೆ ಕೂಸು ಕ್ಷೇಮ. ಗುಜರಾತಿನಲ್ಲಿ ಲಸಿಕೆಯ ದಿನವನ್ನು ಮಮತಾ ದಿವಸ ಎನ್ನುತ್ತಾರೆ, ಮಕ್ಕಳ ಚೀಟಿಗೆ ಮಮತಾ ಕಾರ್ಡ್ ಎಂದು ಹೆಸರು. ಹೊಸ ಮಗು ಸೇರುವಾಗ ಆ ಕಾರ್ಡು ನೋಡದೆ ಸೇರಿಸಿಕೊಳ್ಳುವ ಮಾಸಿ ಇದ್ದರೆ ಅಲ್ಲಿಗೆ ಕಳಿಸಬೇಡಿ. ನ್ಯಾಪಿ ಬದಲಿಸುವ ಜಾಗ ಅಡುಗೆಮನೆಯಿಂದ ದೂರವಿರಬೇಕು, ಪ್ರತಿ ಸಲ ಸೋಪಿನಿಂದ ಕೈ ತೊಳೆಯಬೇಕು. ಸೂರತ್ತಿನ ಮಳೆಗಾಲ ಕಂಡವರಿಗೆ ಇದರ ಬೆಲೆ ಗೊತ್ತು.

ಈಗ ಸ್ವಲ್ಪ ಹಿಂದಿನ ಮಾತು. ಅಹಮದಾಬಾದಿನ ಗಿರಣಿಗಳಲ್ಲಿ ದುಡಿಯುವ ಹೆಂಗಸರ ಮಕ್ಕಳಿಗಾಗಿ ನೂರು ವರ್ಷಗಳ ಹಿಂದೆಯೇ ಅನಸೂಯಾ ಸಾರಾಭಾಯಿ ಶಾಲೆ, ಶಿಶುಕೇಂದ್ರಗಳನ್ನು ತೆರೆದರು. ಅವರು ಗಾಂಧೀಜಿಯ ಜೊತೆ 1920ರಲ್ಲಿ ಕಟ್ಟಿದ ಮಜೂರ್ ಮಹಾಜನ ಎಂಬ ಕಾರ್ಮಿಕ ಸಂಘದ ಒಳಗಿನಿಂದಲೇ 1972ರಲ್ಲಿ ಇಳಾ ಭಟ್ಟರ ಸೇವಾ ಸಂಘಟನೆ ಹುಟ್ಟಿತು. ಅದರ ಸದಸ್ಯರು ಬೀಡಿ ಕಟ್ಟುವವರು, ತರಕಾರಿ ಮಾರುವವರು, ತಲೆಹೊರೆ ಹೊರುವವರು, ಚಿಂದಿ ಆಯುವವರು. ಇವರಿಗೆ ಸಾಲ ಬೇಕಿತ್ತು, ಉಳಿತಾಯದ ಬ್ಯಾಂಕು ಬೇಕಿತ್ತು. ಕೂಸನ್ನು ಬಿಟ್ಟು ಹೋಗಲು ಒಂದು ಜಾಗವೂ ಅಷ್ಟೇ ಬೇಕಿತ್ತು. 1986ರಲ್ಲಿ ನೋಂದಣಿಯಾದ ಸಂಗಿನಿ ಎಂಬ ಸಹಕಾರಿ ಸಂಘ ಆ ಕೆಲಸ ಹಿಡಿಯಿತು. ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರೇ ಅದರ ಸದಸ್ಯರು, ಅವರೇ ಒಡೆಯರು. ತಾಯಂದಿರ ಕೆಲಸದ ಹೊತ್ತಿಗೆ ಹೊಂದಿಕೊಂಡು ದಿನವಿಡೀ ತೆರೆದಿರುವ ಕೇಂದ್ರಗಳು, ಕೂಸಿನಿಂದ ಆರು ವರ್ಷದವರೆಗಿನ ಮಕ್ಕಳೆಲ್ಲ ಒಟ್ಟಿಗೆ. ಬಡವರಿಗೆ ವಯಸ್ಸಿಗೊಂದು ಕೋಣೆ ಕಟ್ಟುವ ಶಕ್ತಿ ಇರಲಿಲ್ಲ. ಇದ್ದುದರಲ್ಲೇ ಚೆನ್ನಾಗಿ ಮಾಡಬಹುದೆಂದು ಆ ಹೆಂಗಸರು ತೋರಿಸಿದರು.

ಇದೇ ನಗರದಲ್ಲಿ ಮರಿಯಾ ಮಾಂಟೆಸರಿ ಪಾಠ ಹೇಳಿದ್ದರು. ಎರಡನೆಯ ಮಹಾಯುದ್ಧದಿಂದಾಗಿ ಭಾರತದಲ್ಲೇ ಉಳಿಯಬೇಕಾಗಿ ಬಂದ ಅವರು ಅಹಮದಾಬಾದಿನ ತರಬೇತಿಯಲ್ಲಿ ಕೊಟ್ಟ ಉಪನ್ಯಾಸಗಳಿಂದ ರೂಪುಗೊಂಡದ್ದು 1949ರಲ್ಲಿ ಬಂದ 'ದಿ ಅಬ್ಸಾರ್ಬೆಂಟ್ ಮೈಂಡ್'. ಹುಟ್ಟಿನಿಂದ ಮೂರು ವರ್ಷದವರೆಗಿನ ಮನಸ್ಸಿನ ಮೇಲೆ ಅಷ್ಟು ಗಮನವಿಟ್ಟ ಪುಸ್ತಕ ಈ ನೆಲದಲ್ಲಿ ಹುಟ್ಟಿತು ಎಂಬುದು ನನಗೆ ಈಗಲೂ ಹೆಮ್ಮೆ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗಿದ್ದರೆ ಒಂದರಿಂದ ಒಂದು ಕಲಿಯುತ್ತವೆ ಎಂಬುದು ಮಾಂಟೆಸರಿಯವರ ಗಟ್ಟಿ ನಂಬಿಕೆ. ನಾನೂ ಅದನ್ನು ಕಂಡಿದ್ದೇನೆ. ಮನೆಯಲ್ಲಿ ಒಂದೇ ಮಗುವಾಗಿ ಬೆಳೆಯುವ ಹುಡುಗ ಕೂಸಿನ ಹತ್ತಿರ ಬಂದಾಗ ತಾನಾಗಿ ದನಿ ತಗ್ಗಿಸುತ್ತಾನೆ.

ಆದರೆ ಒಂದು ಗೆರೆ ಇದೆ. ಗುಜರಾತಿನ ಗಡಿಗೆ ಹತ್ತಿರದ ಕೋಸ್‌ಬಾಡ್ ಗುಡ್ಡದಲ್ಲಿ ತಾರಾಬಾಯಿ ಮೋಡಕ್ ಆ ಗೆರೆಯನ್ನು ಕಂಡರು. ಭಾವನಗರದಲ್ಲಿ ಗಿಜುಭಾಯಿ ಬಧೇಕರು 1920ರಲ್ಲಿ ಆರಂಭಿಸಿದ ಬಾಲಮಂದಿರದಲ್ಲಿ ಅವರ ಜೊತೆ ದುಡಿದವರು ತಾರಾಬಾಯಿ. ಮುಂದೆ ಶಿಷ್ಯೆ ಅನುತಾಯಿ ವಾಘ್ ಜೊತೆ ವಾರಲಿ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡುವಾಗ ಅವರಿಗೆ ಕಂಡದ್ದು ಇದು. ಅಕ್ಕ ಶಾಲೆಗೆ ಬರುವುದಿಲ್ಲ, ಏಕೆಂದರೆ ಅವಳ ಸೊಂಟದ ಮೇಲೆ ತಮ್ಮನಿದ್ದಾನೆ. ಅದಕ್ಕೆ ಅವರು ಕೂಸುಗಳ ಆರೈಕೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣಕ್ಕೆ ತಂದು ವಿಕಾಸವಾಡಿ ಎಂದು ಕರೆದರು. ಕೂಸನ್ನು ದೊಡ್ಡವರು ನೋಡಿಕೊಂಡಾಗ ಅಕ್ಕ ಮತ್ತೆ ಮಗುವಾದಳು. ನಮ್ಮ ಮನೆಗಳಲ್ಲೂ ಇದು ನೆನಪಿರಬೇಕು. ನಾಲ್ಕು ವರ್ಷದ ಹುಡುಗಿ ನ್ಯಾಪಿ ತಂದುಕೊಟ್ಟರೆ ಸಂತೋಷ. "ಸ್ವಲ್ಪ ಪಾಪುನ ನೋಡ್ಕೋ, ಬಂದೆ" ಎಂದು ಅವಳಿಗೆ ಒಪ್ಪಿಸಿ ಅಡುಗೆಮನೆಗೆ ಹೋಗಬಾರದು, ಅರ್ಧ ನಿಮಿಷಕ್ಕೂ. ಗಮನಿಸಿ ನೋಡಿ, ಈ ಮಾತನ್ನು ನಾವು ಹುಡುಗನಿಗೆ ಹೇಳುವುದೇ ಇಲ್ಲ.

ವಡೋದರಾ ಮಕ್ಕಳ ಪಾಲನೆಯ ವಿದ್ಯೆಗೆ ಇನ್ನೊಂದು ದಾರಿ ತೋರಿಸಿದ ಊರು. ಸೂರತ್ತಿನಲ್ಲಿ ಹುಟ್ಟಿದ ಹಂಸಾ ಮೆಹ್ತಾ 1949ರಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಕುಲಪತಿಯಾದರು, ಗೃಹವಿಜ್ಞಾನಕ್ಕೆ ಪೂರ್ಣ ವಿಭಾಗ ಬಂತು, ಮಕ್ಕಳ ಬೆಳವಣಿಗೆ ಶಾಸ್ತ್ರವಾಯಿತು. ಅಲ್ಲಿ ಪ್ರಮೀಳಾ ಫಾಟಕ್ ವಡೋದರಾದ ಕೂಸುಗಳನ್ನೇ ತಿಂಗಳು ತಿಂಗಳು ನೋಡಿ, ಅವು ಯಾವಾಗ ಕತ್ತು ನಿಲ್ಲಿಸುತ್ತವೆ, ಯಾವಾಗ ಕೂರುತ್ತವೆ ಎಂದು ಬರೆದಿಟ್ಟರು. ಆ ಅಧ್ಯಯನದಿಂದ ಬೆಳೆದ ಭಾರತೀಯ ಅಳತೆಗೋಲಿನಲ್ಲಿ ಹುಟ್ಟಿನಿಂದ ಮೂವತ್ತು ತಿಂಗಳವರೆಗೆ ಚಲನೆಯ 67, ಬುದ್ಧಿಯ 163 ಅಂಶಗಳಿವೆ. ಇಂದಿಗೂ ನಮ್ಮ ವೈದ್ಯರು ಅದನ್ನು ಬಳಸುತ್ತಾರೆ. ಹಲವು ಮಕ್ಕಳನ್ನು ನೋಡುವ ಮಾಸಿಗೆ ಒಂದೇ ಮಗುವಿನ ತಾಯಿಗಿಲ್ಲದ ಕಣ್ಣು ಇರುತ್ತದೆ. ಕೂಸು ಕರೆದ ದನಿಗೆ ತಿರುಗುತ್ತಿಲ್ಲ ಎಂಬುದು ಅವಳಿಗೆ ಮೊದಲು ಗೊತ್ತಾಗುತ್ತದೆ. ಅವಳು ಹೇಳಿದರೆ ಮುನಿಸಿಕೊಳ್ಳಬೇಡಿ, ವೈದ್ಯರಲ್ಲಿಗೆ ಹೋಗಿ.

ಸೂರತ್ತಿನ ಒಂದು ದುರಂತವನ್ನೂ ಹೇಳಲೇಬೇಕು. 2019ರ ಮೇ 24ರಂದು ಸರ್ಥಾಣಾದ ತಕ್ಷಶಿಲಾ ಕಟ್ಟಡದ ಮೇಲ್ಭಾಗದಲ್ಲಿ ನಡೆಯುತ್ತಿದ್ದ ತರಗತಿಗೆ ಬೆಂಕಿ ತಾಗಿ 22 ವಿದ್ಯಾರ್ಥಿಗಳು ಸತ್ತರು. ಅವರೆಲ್ಲ ಓಡಬಲ್ಲ ವಯಸ್ಸಿನವರು. ಓಡಲಾರದ ಕೂಸುಗಳ ಗತಿಯೇನು? ಮಕ್ಕಳು ಹೊರಗೆ ಓಡಿಹೋಗಬಾರದೆಂದು ಜಾಲರಿ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಒಳಕೋಣೆಯಲ್ಲಿಡುವ ಮನೆಗಳನ್ನು ನಾನು ನೋಡಿದ್ದೇನೆ. ಚಿಲಕ ಎತ್ತರದಲ್ಲಿರಲಿ, ಬೀಗ ಬೇಡ.

ಕಾನೂನು ಏನು ಕೊಟ್ಟಿದೆ? 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿತು. 50 ಮಂದಿಗಿಂತ ಕಡಿಮೆಯಿಲ್ಲದ ಸಂಸ್ಥೆಯಲ್ಲಿ ಶಿಶುಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು. ಸಣ್ಣ ಅಂಗಡಿ, ಸಣ್ಣ ಶಾಲೆ, ಮನೆಯಲ್ಲೇ ಸೀರೆಗೆ ಟಿಕ್ಕಿ ಲೇಸು ಹಚ್ಚುವ ಕೆಲಸ, ಇವು ಯಾವುವೂ ಅದರೊಳಗೆ ಬರುವುದಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ಗುಜರಾತಿನಲ್ಲಿ ಆಯ್ಕೆಯಾದದ್ದು ಆಗಿನ ವಡೋದರಾ ಜಿಲ್ಲೆಯ ಛೋಟಾ ಉದೇಪುರ, ಕರ್ನಾಟಕದಲ್ಲಿ ಟಿ. ನರಸೀಪುರ. ದೊಡ್ಡ ಕೆಲಸ ಅದು. ಆದರೂ ಅಂಗನವಾಡಿಯಲ್ಲಿ ಕೂತು ಕಲಿಯುವುದು ಮೂರು ವರ್ಷ ದಾಟಿದ ಮಕ್ಕಳು, ಅದೂ ದಿನದ ಕೆಲವೇ ತಾಸು. ಕೂಸಿಗೆ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ಅದನ್ನು ಬೇಯಿಸಿ ಉಣ್ಣಿಸುವ ಕೈ ಕೆಲಸಕ್ಕೆ ಹೋಗಿರುತ್ತದೆ. ಕರ್ನಾಟಕ ಸರಕಾರ 2023ರಲ್ಲಿ ಉದ್ಯೋಗ ಖಾತ್ರಿಯಲ್ಲಿ ದುಡಿಯುವ ಹೆಂಗಸರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಹೇಳಿದಾಗ ನನಗೆ ತುಂಬಾ ಸಂತೋಷವಾಯಿತು. ನಗರದ ಬಡಾವಣೆಗಳಲ್ಲೂ ಅಂಥದ್ದು ಬೇಕು.

ಅಲ್ಲಿಯವರೆಗೆ ನೆರೆಮನೆಯ ಮಾಸಿಯೇ ಗತಿ. ಹಾಗಿದ್ದ ಮೇಲೆ ಅವಳ ಜೊತೆ ಚೌಕಾಸಿ ಮಾಡಬೇಡಿ. ನಾಲ್ಕು ವರ್ಷದ ಮಗುವಿಗೆ ಕೊಡುವಷ್ಟೇ ದುಡ್ಡನ್ನು ಕೂಸಿಗೂ ಕೊಟ್ಟರೆ ಅವಳಿಗೆ ಕಟ್ಟುವುದಿಲ್ಲ, ಆಗ ಮೂರನೆಯ ಕೂಸನ್ನೂ ಸೇರಿಸಿಕೊಳ್ಳುತ್ತಾಳೆ. ಕೂಸಿಗೆ ಹೆಚ್ಚು ಕೊಡಿ. ನೀವು ರಜೆಗೆ ಊರಿಗೆ ಬಂದ ತಿಂಗಳೂ ಕೊಡಿ. ಸೇರಿಸುವ ಮೊದಲ ವಾರ ನೀವೇ ಅಲ್ಲಿ ಕೂತು ನೋಡಿ, ಬೆಳಿಗ್ಗೆ ಅಲ್ಲ, ಎಲ್ಲ ಮಕ್ಕಳೂ ಹಸಿದು ನಿದ್ದೆಗೆ ಎಳೆಯುವ ಹನ್ನೆರಡೂವರೆ ಹೊತ್ತಿಗೆ. ಆ ಅರ್ಧ ಗಂಟೆಯಲ್ಲಿ ಅವಳ ದನಿ ಹೇಗಿರುತ್ತದೆಂದು ಕೇಳಿಸಿಕೊಳ್ಳಿ.

ಇನ್ನೊಂದು ಕೋರಿಕೆ ನಮ್ಮ ಹೊರನಾಡ ಕನ್ನಡ ಸಂಘಗಳಿಗೆ. ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆಂದು ಸಭಾಂಗಣ ಹಿಡಿಯುತ್ತೀರಿ. ಅದೇ ಸಭಾಂಗಣದಲ್ಲಿ ಇನ್ನೊಂದು ದಿನ ಒಬ್ಬ ಮಕ್ಕಳ ವೈದ್ಯರನ್ನು ಕರೆಸಿ, ಮಕ್ಕಳನ್ನು ನೋಡಿಕೊಳ್ಳುವ ಮಾಸಿಯರನ್ನೆಲ್ಲ, ಅವರು ಗುಜರಾತಿಯರಿರಲಿ, ಮರಾಠಿಯವರಿರಲಿ, ಒಡಿಶಾದವರಿರಲಿ, ಕೂರಿಸಿ, ಉಸಿರುಗಟ್ಟಿದ ಕೂಸನ್ನು ಮುಂಗೈ ಮೇಲೆ ಹೇಗೆ ಹಿಡಿಯಬೇಕೆಂದು ಬೊಂಬೆಯ ಮೇಲೆ ಮಾಡಿ ಕಲಿಸಿ. ಅವರು ಆ ದಿನ ಮನೆಯ ಕೆಲಸ ಬಿಟ್ಟು ಬಂದಿರುತ್ತಾರೆ, ಅವರ ಆ ದಿನದ ಕೂಲಿಯನ್ನೂ ಸಂಘವೇ ಕೊಡಲಿ.